ರಾತ್ರಿ ಎಷ್ಟು ಸಲ ಏಳ್ತೀರಿ, ಗುರುಗಳೇ?

ಚಿಂಚೋಳಿ ಕಡೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕಳೆದ ಸಂಚಿಕೆಯಲ್ಲಿ ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರಕ್ಕೆ ಅಡ್ಡಿಯಾಗುವ ತೊಂದರೆ ಬಗ್ಗೆ ಬರೆದಿದ್ದೆವಲ್ಲ, "ಹೆಣ್ಣುಮಕ್ಕಳು ಓದುವ ಪತ್ರಿಕೆಯಲ್ಲಿ ಇಂಥದ್ದೆಲ್ಲ ಬೇಕಿತ್ತೇ?" ಎಂದು ಎರಡು ಪುಟ ಕೇಳಿದ್ದಾರೆ. ಆಮೇಲೆ ಕೊನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದಾರೆ: "ನನಗೂ ಈಗ 67. ರಾತ್ರಿ ಐದು ಸಲ ಏಳುತ್ತೇನೆ. ಡಾಕ್ಟರು ಟಿಯುಆರ್‌ಪಿ ಆಪರೇಷನ್ ಅಂತಾರೆ. ಮಗ ಹೈದರಾಬಾದಿನಲ್ಲಿ ಉಗಿ ಚಿಕಿತ್ಸೆ ಮಾಡಿಸೋಣ ಅಂತಾನೆ. ಅದನ್ನು ಮಾಡಿಸಿಕೊಂಡ ಗೆಳೆಯರಿಬ್ಬರಲ್ಲಿ ಒಬ್ಬರು ಮೊದಲಿಗಿಂತ ಕೆಟ್ಟಾಯ್ತು ಅಂದರು, ಇನ್ನೊಬ್ಬರು ಮರುಜನ್ಮ ಅಂದರು. ಯಾರನ್ನು ನಂಬಲಿ?"

ಗುರುಗಳೇ, ನನ್ನ ಉತ್ತರ ಅಂಚಿನ ಆ ಸಾಲುಗಳಿಗೆ. ಹೆಣ್ಣುಮಕ್ಕಳ ಮಾತಿಗೆ ಒಂದೇ ಪ್ರಶ್ನೆ. ನೀವು ಐದು ಸಲ ಎದ್ದಾಗ ಬಚ್ಚಲಿನ ಲೈಟು ಹತ್ತುವುದು ಅಮ್ಮನವರಿಗೆ ಕಾಣುವುದಿಲ್ಲವೇ? ಅವರ ನಿದ್ದೆಯೂ ಐದು ಸಲ ಮುರಿಯುತ್ತಿದೆ. ಕಾರಣವನ್ನು ಓದಿ ತಿಳಿಯುವ ಹಕ್ಕು ಅವರಿಗೂ ಇದೆ.

ನನ್ನ ಸೋದರಮಾವ ಶರಣಬಸವೇಶ್ವರ ಜಾತ್ರೆಗೆಂದು ಕಲಬುರಗಿಗೆ ಬಂದವರು, ತೇರು ಎಳೆದ ರಾತ್ರಿ ಮೂತ್ರ ಪೂರ್ತಿ ಕಟ್ಟಿ ಗೋಡೆ ಹಿಡಿದು ನಿಂತರು. ನೆಗಡಿಗೆಂದು ಅಂಗಡಿಯಿಂದ ಗುಳಿಗೆ ತಂದು ನುಂಗಿದ್ದರು. ಕಟ್ಟಿದ ಮೂಗು ಬಿಡಿಸುವ ಕೆಲವು ಗುಳಿಗೆ ಮೂತ್ರದ ದಾರಿಯನ್ನು ಬಿಗಿ ಮಾಡುತ್ತವೆ ಅನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ದವಾಖಾನೆಯಲ್ಲಿ ನಳಿಕೆ ಹಾಕಿದಾಗ ಒಂದು ಲೀಟರಿಗೂ ಹೆಚ್ಚು ಬಂತು. "ಎಷ್ಟು ದಿನದಿಂದ ತ್ರಾಸ ಅದರೀ ಮಾಮಾ?" ಎಂದೆ. "ನಾಕ್ ವರ್ಷ ಆತು. ಏನಂತ ಹೇಳಲಿ, ಯಾರಿಗಿ ಹೇಳಲಿ?" ಅಂದರು. ಮನೆಗೆ ಬಂದ ಮೇಲೆ ಮೂತ್ರದ ಚೀಲವನ್ನು ಬಟ್ಟೆ ಅಂಗಡಿಯ ಕೈಚೀಲದೊಳಗಿಟ್ಟು ಮೇಲೆ ಟವೆಲ್ ಹೊದಿಸಿದರು. ಅತ್ತೆ ಒಳಗೆ ಬಂದರೆ ಆ ಚೀಲ ಮಂಚದ ಹಿಂದಕ್ಕೆ ಸರಿಯುತ್ತಿತ್ತು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಎದುರು! ಅವತ್ತಿನಿಂದ ನಾನು ಈ ವಿಷಯವನ್ನು ಎಲ್ಲೆಂದರಲ್ಲಿ ಮಾತಾಡುತ್ತೇನೆ, ಬರೆಯುತ್ತೇನೆ.

ಟಿಯುಆರ್‌ಪಿಯನ್ನು ನಾನು ಹಗುರ ಮಾಡುವುದಿಲ್ಲ. ಮೂತ್ರನಾಳದೊಳಗಿಂದ ಹೋಗಿ ಬೆಳೆದ ಗ್ರಂಥಿಯನ್ನು ಕೆತ್ತಿ ತೆಗೆಯುವ, ದಶಕಗಳಿಂದ ನಡೆದುಬಂದ ಆಪರೇಷನ್ ಅದು, ಧಾರೆ ಚೆನ್ನಾಗಿ ಬಿಡುವುದೂ ಅದರಲ್ಲೇ. ಗ್ರಂಥಿ ತೀರಾ ದೊಡ್ಡದಾಗಿದ್ದರೆ, ಮೂತ್ರಕೋಶದಲ್ಲಿ ಕಲ್ಲಾಗಿದ್ದರೆ, ಕಿಡ್ನಿಗೆ ಪೆಟ್ಟು ಬಿದ್ದಿದ್ದರೆ ಆಪರೇಷನ್ನೇ ದಾರಿ. ಆದರೆ ಟಿಯುಆರ್‌ಪಿ ಆದ ಹತ್ತರಲ್ಲಿ ಆರೇಳು ಮಂದಿಗೆ ವೀರ್ಯ ಹೊರಗೆ ಬರದೆ ಮೂತ್ರಕೋಶದ ಕಡೆ ಹಿಂದಕ್ಕೆ ಹೋಗುತ್ತದೆ. ಗ್ರಂಥಿಗೆ ನೀರಿನ ಆವಿ ಬಿಡುವ ಉಗಿ ಚಿಕಿತ್ಸೆಯಲ್ಲಿ ಇದು ಬಹಳ ಕಡಿಮೆ. "ಈ ವಯಸ್ಸಿಗೆ ಅದೇನು ಬೇಕ್ರಿ" ಎಂದು ಎಷ್ಟೋ ಕಡೆ ಈ ಮಾತನ್ನೇ ಎತ್ತುವುದಿಲ್ಲ. ಬೇಕೋ ಬೇಡವೋ ಅನ್ನುವುದು ಆ ಗಂಡಹೆಂಡಿರ ಮಾತು, ಬೇರೆಯವರದ್ದಲ್ಲ.

ಈಗ ನಿಮ್ಮ ಗೆಳೆಯರ ವಿಷಯ. ಇಲ್ಲಿನ ದಾಲ್‌ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ನನ್ನ ಸ್ನೇಹಿತರೊಬ್ಬರು ಇದೇ ಉಗಿ ಚಿಕಿತ್ಸೆ ಮಾಡಿಸಿಕೊಂಡರು. ರೆಜಮ್ ಅಂತಾರೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಒಪ್ಪಿದ್ದು. ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬಾಯಲ್ಲಿ, ಮೂತ್ರನಾಳವನ್ನು ಸುತ್ತುವರಿದು. ಅದು ಬೆಳೆದು ಒಳಗೊತ್ತಿದರೆ ಹೊಲದ ಪೈಪಿನ ಮೇಲೆ ಗಾಡಿಯ ಗಾಲಿ ನಿಂತಂತೆ. ಮೂತ್ರನಾಳದೊಳಗಿಂದಲೇ ಸಾಧನ ತೂರಿಸಿ, ಸಣ್ಣ ಸೂಜಿಯಿಂದ ಒಂದೊಂದು ಕಡೆ 9 ಸೆಕೆಂಡು ನೀರಿನ ಆವಿ ಬಿಡುತ್ತಾರೆ. ಆವಿ ತಣಿದು ನೀರಾಗುವಾಗ ಬಿಡುವ ಬಿಸಿಗೆ ಬೆಳೆದ ಭಾಗ ಸಾಯುತ್ತದೆ. ಸತ್ತದ್ದನ್ನು ದೇಹ ತಾನೇ ಕರಗಿಸಿಕೊಳ್ಳಬೇಕು. ಅದಕ್ಕೆ ವಾರಗಟ್ಟಲೆ ಬೇಕು, ಅಲ್ಲಿಯತನಕ ಬಾವು, ಉರಿ, ಒಮ್ಮೊಮ್ಮೆ ಮೂತ್ರ ಕೆಂಪಗೆ.

ನನ್ನ ಸ್ನೇಹಿತರು ಹಳೇ ಲೆಕ್ಕದ ವಹಿಯಲ್ಲಿ, ಮೂಟೆ ಎಣಿಸುವಂತೆ, ರಾತ್ರಿ ಎದ್ದಾಗೊಮ್ಮೆ ಒಂದು ಗೀಟು ಹಾಕುತ್ತಾ ಬಂದರು. ಮೊದಲ ಐದು ದಿನ ನಳಿಕೆ ಇತ್ತು, ಗೀಟಿಲ್ಲ. ತೆಗೆದ ರಾತ್ರಿ ಎಂಟು ಗೀಟು. ಹನ್ನೆರಡನೇ ದಿನ ಏಳು, ಪಕ್ಕದಲ್ಲಿ "ಬ್ಯಾಡಾಗಿತ್ತು" ಎಂಬ ಒಂದೇ ಮಾತು. ನಲವತ್ತನೇ ದಿನಕ್ಕೆ ಮೂರು. ಮೂರು ತಿಂಗಳ ಪುಟಗಳಿಗೆ ಬಂದರೆ ದಿನಕ್ಕೊಂದೇ ಗೀಟು, ನಡುನಡುವೆ ಬರೀ ತಾರೀಖು. ಆ ಖಾಲಿ ಜಾಗದ ಮೇಲೆ ಬೆರಳಿಟ್ಟು "ಇಲ್ಲಿ ನೋಡ್ರಿ, ಮುಂಜಾನಿ ತನ ಮಲಗೀನಿ" ಎಂದು ತೋರಿಸಿದರು.

ನಿಮ್ಮ ಗೆಳೆಯರಿಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ ಗುರುಗಳೇ. ಒಬ್ಬರು ಎರಡನೇ ವಾರದಲ್ಲಿ ಮಾತಾಡಿರಬೇಕು, ಇನ್ನೊಬ್ಬರು ನಾಲ್ಕನೇ ತಿಂಗಳಲ್ಲಿ. ಎಷ್ಟು ದಿನಕ್ಕೆ ಹೇಳಿದ ಮಾತು ಎಂದು ಮೊದಲು ಕೇಳಿ. ಐದು ವರ್ಷದ ಲೆಕ್ಕ ನೋಡಿದರೆ, ಅಧ್ಯಯನದಲ್ಲಿ ರೆಜಮ್ ಆದವರಲ್ಲಿ ಮತ್ತೆ ಶಸ್ತ್ರಚಿಕಿತ್ಸೆಗೆ ಹೋದವರು ನೂರಕ್ಕೆ 4–5. ಗ್ರಂಥಿಯನ್ನು ಪುಟ್ಟ ಕೊಂಡಿಗಳಿಂದ ಎರಡೂ ಬದಿಗೆ ಎಳೆದು ಕಟ್ಟುವ ಯುರೋಲಿಫ್ಟ್‌ನಲ್ಲಿ (ಎಫ್‌ಡಿಎ ಒಪ್ಪಿದ್ದು 2013ರಲ್ಲಿ) ಬೇಗ ಹಗುರಾಗುತ್ತದೆ, ಆದರೆ ನೂರಕ್ಕೆ 13–14 ಮಂದಿ ಮತ್ತೆ ಹೋಗಬೇಕಾಯಿತು. ರೆಜಮ್ ಅನ್ನು ಹೆಚ್ಚಾಗಿ ಪರೀಕ್ಷಿಸಿದ್ದು 30ರಿಂದ 80 ಗ್ರಾಮಿನ ಗ್ರಂಥಿಗಳ ಮೇಲೆ. ನಿಮ್ಮದೆಷ್ಟು ಎಂದು ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನೋಡಿ. ಕ್ಯಾನ್ಸರಿನ ಅನುಮಾನಕ್ಕೆ ಎಡೆಯಿದೆಯೇ ಎಂದು ನೋಡುವ ಪಿಎಸ್ಎ ರಕ್ತಪರೀಕ್ಷೆಯ ಮಾತನ್ನೂ ಡಾಕ್ಟರ ಹತ್ತಿರ ಎತ್ತಿ.

ರೋಗಿಯ ಅನುಭವವೆಂದರೆ ಕಟ್ಟೆ ಮೇಲಿನ ಹರಟೆ ಅನ್ನುವ ಡಾಕ್ಟರುಗಳಿದ್ದಾರೆ. ಅವರದೇ ಶಾಸ್ತ್ರ ಹಾಗೆ ಹೇಳುವುದಿಲ್ಲ. ಈ ತೊಂದರೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವುದು ಏಳು ಪ್ರಶ್ನೆಗಳ ಒಂದು ಹಾಳೆ, ಒಟ್ಟು 35 ಅಂಕ, 1992ರಿಂದ ಇದೆ. ರಾತ್ರಿ ಎಷ್ಟು ಸಲ ಏಳ್ತೀರಿ, ತಿಣುಕಬೇಕೇ, ಧಾರೆ ನಿಂತು ನಿಂತು ಬರುತ್ತದೆಯೇ, ಎಲ್ಲ ನೀವೇ ಹೇಳಬೇಕಾದ್ದು. ಜೊತೆಗೆ ಎಂಟನೆಯದೊಂದಿದೆ: ಉಳಿದ ಆಯುಷ್ಯವೆಲ್ಲ ಹೀಗೇ ಕಳೆಯಬೇಕೆಂದರೆ ನಿಮಗೆ ಹೇಗನಿಸುತ್ತದೆ? ಇದನ್ನು ನಮ್ಮ ಮಾವನಿಗೆ ಯಾರಾದರೂ ಕೇಳಿದ್ದರೆ!

ಕೇಳಿದ್ದರೂ ಯಾವ ಭಾಷೆಯಲ್ಲಿ ಕೇಳುತ್ತಿದ್ದರು? ನಾನು ಕಂಡ ಒಪ್ಪಿಗೆ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ಮಿಲ್ಲಿನ ಸ್ನೇಹಿತರು, ನಯಾಪೈಸೆ ಲೆಕ್ಕ ತಪ್ಪದವರು, ಮೂರು ಪುಟಕ್ಕೆ ಓದದೆ ಸಹಿ ಹಾಕಿದರು. "ಮಾಡ್ರಿ ಅಂದ್ರು, ಮಾಡಿದೆ." ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂದು ದಶಕ ದಾಟಿತು. ಕಲಬುರಗಿ, ಬೀದರ, ಯಾದಗಿರಿ, ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ, ನಮ್ಮ ಮಕ್ಕಳೇ ಓದುತ್ತಿದ್ದಾರೆ. ಒಂದು ಹಾಳೆಯನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಅಚ್ಚು ಹಾಕಿಸಲು ಇನ್ನೆಷ್ಟು ವರ್ಷ ಬೇಕು? ಬಸ್ಸಿನ ಕಥೆಯೂ ಬೇರೆಯಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೊರಟ ಹಿರಿಯರು ಮುಂಜಾನೆಯಿಂದ ಹನಿ ನೀರು ಮುಟ್ಟುವುದಿಲ್ಲ, ನಡುವೆ ಕಾಲಿಡುವಂಥ ಶೌಚಾಲಯ ಸಿಗುವುದಿಲ್ಲವೆಂಬ ಭಯ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಮತ್ತೂ ಹೆಚ್ಚುತ್ತದೆ. ನೀವು ಹಾಗೆ ಮಾಡಬೇಡಿ. ಹಗಲು ಕುಡಿಯಿರಿ, ಸಂಜೆ ಮೇಲೆ ಕಡಿಮೆ ಮಾಡಿ.

ಈಗಲೇ ಒಂದು ನೋಟ್‌ಬುಕ್ ಇಟ್ಟು ರಾತ್ರಿಯ ಗೀಟು ಶುರುಮಾಡಿ, ಡಾಕ್ಟರ ಮುಂದೆ ಅದನ್ನೇ ತೆರೆದಿಡಿ. ಅಮ್ಮನವರನ್ನೂ ಕರೆದುಕೊಂಡು ಹೋಗಿ. ಯಾವ ಚಿಕಿತ್ಸೆ ಮಾಡಿಸಿಕೊಂಡರೂ ಎರಡನೇ ವಾರಕ್ಕೊಂದು, ಮೂರನೇ ತಿಂಗಳಿಗೊಂದು ಕಾಗದ ನಮಗೆ ಹಾಕಿ. ಎರಡನ್ನೂ ತಾರೀಖಿನ ಸಮೇತ ಅಚ್ಚು ಹಾಕುತ್ತೇನೆ, ಹೆಸರು ಬೇಡವೆಂದರೆ ಬೇಡ. ಅಂಚಿನಲ್ಲಿ ಮಾತ್ರ ಬರೆಯಬೇಡಿ ಗುರುಗಳೇ, ಪುಟದ ನಡುವೆ, ದೊಡ್ಡ ಅಕ್ಷರದಲ್ಲಿ ಬರೆಯಿರಿ.

— ಸಂಪಾದಕ