ತೊಂಬತ್ತಮೂರು ಸಾವಿರವೋ, ಒಂದು ಲಕ್ಷವೋ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: "ನಮ್ಮ ಸಂಘದ ಕ್ವಿಜ್‌ನಲ್ಲಿ ‘ಅಮೆರಿಕದ ಡಬ್ಲ್ಯುಡಬ್ಲ್ಯುಇ ಕಂಪನಿ ವರ್ಷಕ್ಕೊಮ್ಮೆ ನಡೆಸುವ ಕುಸ್ತಿ ಪ್ರದರ್ಶನ ರೆಸಲ್‌ಮೇನಿಯಾಕ್ಕೆ ಸೇರಿದ ಅತಿ ಹೆಚ್ಚು ಜನ ಎಷ್ಟು?’ ಎಂದು ಕೇಳಿದ್ದಕ್ಕೆ ಮೂರು ತಂಡ ಮೂರು ಉತ್ತರ ಕೊಟ್ಟವು: 93,173, 1,01,763, 1,56,352. ಮೂವರ ಮೊಬೈಲ್‌ನಲ್ಲೂ ಸಾಕ್ಷಿ ಇತ್ತು! ಅತಿ ಚಿಕ್ಕ ಪಂದ್ಯ 9 ಸೆಕೆಂಡಿನದು, ಪೈಲ್ವಾನ ಅಂಡರ್‌ಟೇಕರ್ ಅಲ್ಲಿ ಸೋತೇ ಇಲ್ಲ ಎಂಬ ಉತ್ತರಗಳಿಗೂ ತಕರಾರು ಬಂತು. ತೀರ್ಪು ನಿಮ್ಮದು. ಅಷ್ಟಕ್ಕೂ ಗೆಲ್ಲುವವರು ಯಾರೆಂದು ಮೊದಲೇ ಬರೆದಿಟ್ಟ ಆಟದಲ್ಲಿ ದಾಖಲೆ ಅಂದರೆ ಏನು ಸ್ವಾಮಿ?"

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆ ಬಗೆಹರಿದರೆ ಉಳಿದವು ತಾವೇ ಬಗೆಹರಿಯುತ್ತವೆ. ಇಲ್ಲಿ ದಾಖಲೆಗಳು ಎರಡು ಜಾತಿ. ಒಂದು, ವಿಡಿಯೊ ಹಾಕಿ ನಾವೇ ಅಳೆಯಬಹುದಾದದ್ದು. ಇನ್ನೊಂದು, ಮೈಕ್ ಹಿಡಿದವರು ಕೂಗಿ ಹೇಳಿದ್ದು. ಎರಡನೆಯದು ಆಟದ ಲೆಕ್ಕವಲ್ಲ, ಆಟದ್ದೇ ಒಂದು ಭಾಗ.

93,173 ಎಂಬುದು 1987ರ ಮಾರ್ಚ್ 29ರಂದು ಮಿಶಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ಘೋಷಿಸಿದ ಸಂಖ್ಯೆ. ಹಲ್ಕ್ ಹೋಗನ್ ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಕೆಡವಿದ್ದು ಅಲ್ಲೇ. ಕುಸ್ತಿ ಪತ್ರಕರ್ತ ಡೇವ್ ಮೆಲ್ಟ್ಜರ್ ಬಹಳ ವರ್ಷಗಳಿಂದ ಅದು ಸುಮಾರು 78,000 ಎಂದೇ ವಾದಿಸುತ್ತ ಬಂದಿದ್ದಾರೆ. ಹಾಗಾದರೂ ಕಣ ಸಣ್ಣದೇನಲ್ಲ. ಒಳಬಾಗಿಲಿನಿಂದ ರಿಂಗ್‌ವರೆಗಿನ ದಾರಿ ಎಷ್ಟು ಉದ್ದವಿತ್ತೆಂದರೆ, ರಿಂಗ್‌ನ ಆಕಾರದಲ್ಲೇ ಹಗ್ಗ ಕಟ್ಟಿದ ಪುಟ್ಟ ಮೋಟಾರು ಗಾಡಿಗಳ ಮೇಲೆ ಪೈಲ್ವಾನರನ್ನು ನಿಲ್ಲಿಸಿ ಕರೆತಂದರು.

1,01,763 ಎಂಬುದು 2016ರ ಏಪ್ರಿಲ್ 3ರದು, ಟೆಕ್ಸಸ್‌ನ ಎಟಿ ಅಂಡ್ ಟಿ ಸ್ಟೇಡಿಯಂ. ಬಾಗಿಲಲ್ಲಿ ಸ್ಕ್ಯಾನ್ ಆದ ಟಿಕೆಟ್ ಸುಮಾರು 80 ಸಾವಿರ. ಟಿಕೆಟ್ ಕೊಂಡವರು, ಒಳಗೆ ಬಂದವರು, ಕೆಲಸಕ್ಕಿದ್ದವರೂ ಸೇರಿ ಆವರಣದಲ್ಲಿದ್ದ ಎಲ್ಲರೂ: ಈ ಮೂರೂ ಬೇರೆ ಬೇರೆ ಎಣಿಕೆ. ಘೋಷಣೆಗೆ ಯಾವಾಗಲೂ ದೊಡ್ಡದೇ ಬೇಕು.

ಮೂರನೆಯ ತಂಡ ಬಿದ್ದದ್ದು ಕೂಡಿಸುವ ಲೆಕ್ಕದಲ್ಲಿ. 2020ರಿಂದ ರೆಸಲ್‌ಮೇನಿಯಾ ಎರಡು ರಾತ್ರಿ ನಡೆಯುತ್ತಿದೆ. 2022ರ ಮೊದಲ ರಾತ್ರಿ 77,899, ಎರಡನೆಯ ರಾತ್ರಿ 78,453, ಕೂಡಿಸಿದರೆ 1,56,352. ಎರಡೂ ದಿನ ಬಂದವನನ್ನು ಎರಡು ಸಲ ಎಣಿಸಿದಂತಾಯಿತು. ಇದನ್ನು ಒಪ್ಪಿದರೆ ದಸರಾ ಕುಸ್ತಿಗೆ ದಿನಾ ಬರುವ ಅಜ್ಜನೊಬ್ಬನೇ ಏಳೆಂಟು ಜನ. ಆದರೆ 1986ರಲ್ಲಿ ನ್ಯೂಯಾರ್ಕ್, ಶಿಕಾಗೋ, ಲಾಸ್ ಏಂಜಲೀಸ್ ಸುತ್ತಮುತ್ತಲ ಮೂರು ಕ್ರೀಡಾಂಗಣಗಳಲ್ಲಿ ಒಂದೇ ರಾತ್ರಿ ನಡೆಸಿದ್ದರಲ್ಲ, ಅಲ್ಲಿ ಕೂಡಿಸುವುದು ನ್ಯಾಯ. ಒಂದು ಊರಿನ ಪಂದ್ಯ ಮುಗಿದರೆ ಆ ಜನ ಉಳಿದೆರಡನ್ನು ಪರದೆಯ ಮೇಲೆ ನೋಡಿದರು.

ಪ್ರಶ್ನೆಯನ್ನು ಹೀಗೆ ತಿದ್ದಿ: "ಒಂದೇ ರಾತ್ರಿಗೆ ಕಂಪನಿ ಘೋಷಿಸಿದ ಅತಿ ದೊಡ್ಡ ಸಂಖ್ಯೆ". ಉತ್ತರ 1,01,763. ಎರಡನೆಯ ತಂಡಕ್ಕೆ ಅಂಕ ಕೊಡಿ. ಅತಿ ಕಡಿಮೆ ಜನ ಎಷ್ಟೆಂದು ಕೇಳಿದರೆ ಯಾರೂ ಜಗಳವಾಡುವಂತಿಲ್ಲ: 2020ರ ಕೊರೋನಾ ಕಾಲದಲ್ಲಿ ಸೊನ್ನೆ.

ಇನ್ನು 9 ಸೆಕೆಂಡು. 1985ರ ಮೊದಲ ರೆಸಲ್‌ಮೇನಿಯಾದಲ್ಲಿ ಕಿಂಗ್ ಕಾಂಗ್ ಬಂಡಿ ಎಸ್.ಡಿ. ಜೋನ್ಸ್‌ನನ್ನು ಸೋಲಿಸಿದಾಗ ಮೈಕಿನಲ್ಲಿ ಕೂಗಿದ ಸಮಯ ಇದು. ಸ್ಟಾಪ್‌ವಾಚ್ ಹಿಡಿದು ಕೂತುಕೊಳ್ಳಿ. ಮೊದಲ ಗಂಟೆ ಬಾರಿಸಿದಾಗ ಒತ್ತಿ, ಕೊನೆಯ ಗಂಟೆಗೆ ನಿಲ್ಲಿಸಿ. ಮೂಲೆಗೆ ತಳ್ಳಿ ಗುದ್ದಬೇಕು, ಆತ ಬೀಳಬೇಕು, ಮೇಲೆ ಹಾರಬೇಕು, ರೆಫರಿ ಮೂರು ಎಣಿಸಬೇಕು. ಎಣಿಕೆಗೇ ಎರಡು ಮೂರು ಸೆಕೆಂಡು ಬೇಕು. ನಿಮ್ಮ ಗಡಿಯಾರ 20 ದಾಟಿರುತ್ತದೆ. ನಿಜವಾದ ದಾಖಲೆ 2016ರ ಅದೇ ರಾತ್ರಿಯದು. ದಿ ರಾಕ್ ಎರಿಕ್ ರೋವನ್‌ನನ್ನು ಒಂದೇ ಪಟ್ಟಿಗೆ ಕೆಡವಿ 6 ಸೆಕೆಂಡಿನಲ್ಲಿ ಚಿತ್ ಮಾಡಿದ.

ಅತಿ ಉದ್ದದ್ದು ಅಳತೆಗೆ ನಿಲ್ಲುತ್ತದೆ: 1996, ಬ್ರೆಟ್ ಹಾರ್ಟ್ ಮತ್ತು ಶಾನ್ ಮೈಕಲ್ಸ್. ಒಂದು ಗಂಟೆಯಲ್ಲಿ ಹೆಚ್ಚು ಸಲ ಚಿತ್ ಮಾಡಿದವನಿಗೆ ಪಟ್ಟ ಎಂಬ ಷರತ್ತು. ಅರವತ್ತು ನಿಮಿಷ ಮುಗಿದರೂ 0–0. ಹಾಲಿ ಚಾಂಪಿಯನ್ ಬ್ರೆಟ್ ಬೆಲ್ಟ್ ಹಿಡಿದು ಹೊರಟೇಬಿಟ್ಟಿದ್ದ. ವಾಪಸ್ ಕರೆಸಿ ಹೆಚ್ಚುವರಿ ಸಮಯ ಕೊಟ್ಟರು. ಒಟ್ಟು 61 ನಿಮಿಷ 52 ಸೆಕೆಂಡಿಗೆ ಶಾನ್ ಗೆದ್ದ. ಮೊದಲರ್ಧ ಬರೀ ತಲೆಪಟ್ಟು, ಕೈಪಟ್ಟು ಎಂದು ಬೇಸರಪಡುವವರಿದ್ದಾರೆ. ಗಂಟೆಗಟ್ಟಲೆ ಆಡಬೇಕಾದವನು ಉಸಿರು ಉಳಿಸಿಕೊಳ್ಳುವುದೇ ಹಾಗೆ, ನಮ್ಮ ಗರಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಫಲಿತಾಂಶ ಬರೆದಿಟ್ಟದ್ದು ನಿಜ. ದಣಿವನ್ನು ಯಾರೂ ಬರೆದಿಡಲಾಗದು.

ಪೆಟ್ಟನ್ನೂ ಅಷ್ಟೇ. 2003ರಲ್ಲಿ ಸಿಯಾಟಲ್‌ನಲ್ಲಿ ಬ್ರಾಕ್ ಲೆಸ್ನರ್ ಮೂಲೆಯ ಕಂಬದ ಮೇಲಿಂದ ಮುಂದಕ್ಕೆ ಹಾರುತ್ತ ಹಿಮ್ಮುಖ ಲಾಗ ಹಾಕಿದ. ಕರ್ಟ್ ಆಂಗಲ್ ಮಲಗಿದ್ದದ್ದು ಕಂಬದಿಂದ ತೀರಾ ದೂರ. ಲಾಗ ಪೂರ್ತಿ ತಿರುಗಲಿಲ್ಲ, ತಲೆ ನೆಲಕ್ಕೆ ಬಡಿದು ಮಿದುಳಿಗೆ ಏಟಾಯಿತು. ಆದರೂ ಎದ್ದು ಪಂದ್ಯ ಮುಗಿಸಿ ಗೆದ್ದ.

ಅಂಡರ್‌ಟೇಕರ್ ಲೆಕ್ಕ: 1991ರಿಂದ 2013ರವರೆಗೆ 21 ಪಂದ್ಯ, 21 ಗೆಲುವು. ನಡುವೆ 1994 ಮತ್ತು 2000ದಲ್ಲಿ ಆಡಲಿಲ್ಲ. 2014ರಲ್ಲಿ ಲೆಸ್ನರ್‌ಗೆ, 2017ರಲ್ಲಿ ರೋಮನ್ ರೀನ್ಸ್‌ಗೆ ಸೋಲು. ಒಟ್ಟು 25–2. ಕೊನೆಯ ಗೆಲುವು ರಿಂಗ್‌ನಲ್ಲೇ ಅಲ್ಲ, ಸ್ಮಶಾನದ ಸೆಟ್ ಹಾಕಿ ಚಿತ್ರೀಕರಿಸಿದ್ದು. ‘ಸೋತೇ ಇಲ್ಲ’ ಎಂದವರು 2013ರಲ್ಲೇ ಟಿವಿ ಆರಿಸಿರಬೇಕು.

ನಮ್ಮ ದೇಶದ ನಂಟು ಕೇಳುವವರಿಗೆ: ಹಿಮಾಚಲದ ದಿ ಗ್ರೇಟ್ ಖಲಿ 2007ರಲ್ಲಿ ಡೆಟ್ರಾಯಿಟ್‌ನಲ್ಲಿ ಕೇನ್‌ನನ್ನು ಸೋಲಿಸಿದ. ಸೋಲುವ ಮುಂಚೆ ಕೇನ್ ಆ ಬೃಹತ್ ದೇಹವನ್ನು ಎತ್ತಿ ಕೆಡವಿದ್ದು ಆಂಡ್ರೆ ಪಂದ್ಯದ ನೆನಪಿಗೆ; ಅದಾಗಿ ಇಪ್ಪತ್ತು ವರ್ಷ ತುಂಬಿತ್ತು, ಸಿಲ್ವರ್‌ಡೋಮ್ ಕೂಡ ಅಲ್ಲೇ ಹತ್ತಿರ.

ಮುಂದಿನ ಕ್ವಿಜ್‌ಗೆ ಒಂದು ಪ್ರಶ್ನೆ ನಮ್ಮ ಕಡೆಯಿಂದ. ಅತಿ ಕಿರಿಯ ಚಾಂಪಿಯನ್‌ನ ವಯಸ್ಸೆಷ್ಟು? ಹತ್ತು. 2018ರಲ್ಲಿ ಬ್ರಾನ್ ಸ್ಟ್ರೋಮನ್ ಪ್ರೇಕ್ಷಕರ ನಡುವಿಂದ ಒಬ್ಬ ಹುಡುಗನನ್ನು ಜೊತೆಗಾರನಾಗಿ ಕರೆತಂದು, ಪಂದ್ಯವನ್ನು ಹೆಚ್ಚುಕಡಿಮೆ ತಾನೊಬ್ಬನೇ ಆಡಿ ಜೋಡಿ ಪಟ್ಟ ಗೆದ್ದ. ಮರುದಿನವೇ ಪಟ್ಟ ಬಿಟ್ಟುಕೊಟ್ಟರು. ಹೇಳಿದ ಕಾರಣ: ಹುಡುಗ ನಾಲ್ಕನೇ ಕ್ಲಾಸು, ಶಾಲೆಗೆ ಹೋಗಬೇಕು.

— ಸಂ.