ಅವ್ವನ ಮೊಣಕಾಲಿಗೆ ತೈ ಚಿ ಆಗ್ತದೇನು?

ಅವ್ವಗ ಮೊಣಕಾಲು ಸವೆತ ಐತಿ, ರಾಯಚೂರಾಗ ಕಲಿಸೋರು ಸಿಗವಲ್ರು, ತೈ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಮಾಡಿಸಬಹುದೇನು ಅಂತ ಕೇಳೀರಿ. ಮಾಡಿಸ್ರಿ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯೊಳಗ ಇದನ್ನ ಬಲವಾಗೇ ಶಿಫಾರಸು ಮಾಡೈತಿ.

ಆದ್ರ ಚೀನಾದೋರು 1956ರಾಗ ಸರಳ ಮಾಡಿದ 24 ಭಂಗಿಯ ಸರಣಿಗೆ ಒಮ್ಮೆಲೇ ಕೈ ಹಾಕಬ್ಯಾಡ್ರಿ. ಅದರಾಗ ಒಂಟಿ ಕಾಲಿನ ಮ್ಯಾಲೆ ನಿಲ್ಲೋದು, ತಗ್ಗಿ ಕಾಲು ಚಾಚೋದು ಬರ್ತಾವು. ಅದರ ಬದಲಿಗೆ ಚಿ ಗಾಂಗ್ ಅನ್ನೋ ಚೀನಾದ ಉಸಿರು-ಚಲನೆಯ ವ್ಯಾಯಾಮದಾಗಿನ ಬಾದುವಾನ್‌ಜಿನ್ ಸರಣಿ ಹಿಡೀರಿ. ಎಂಟೇ ಚಲನೆ, ನಿಂತ ಜಾಗದಾಗೇ ಆಗ್ತಾವು, ಕುರ್ಚಿ ಮ್ಯಾಲೆ ಕುಂತು ಮಾಡೋ ರೀತಿನೂ ಐತಿ. ಮೊಣಕಾಲು ಒಳಗ ವಾಲಬಾರದು, ಉಸಿರು ಬಿಗಿ ಹಿಡೀಬಾರದು. ನಮ್ಮ ಬ್ಯಾಸಗಿ ಗೊತ್ತಲ್ಲ, ಹೊತ್ತು ಏರೋದ್ರೊಳಗ ಮಾಳಿಗಿ ಮ್ಯಾಲೆ ಮುಗಿಸ್ರಿ.

ಮೈಯಾಗ ‘ಚಿ’ ಅನ್ನೋ ಜೀವಶಕ್ತಿ ಹರೀತದ ಅನ್ನೋದು ನನಗಷ್ಟು ಒಪ್ಪಂಗಿಲ್ಲ. ತೊಡಿ ಗಟ್ಟಿಯಾಗಿ ಬೀಳೋ ಭಯ ಕಡಿಮಿ ಆಗೋದು ಮಾತ್ರ ಖರೇ. ಬಾವು ಬಂದ್ರ ನಿಲ್ಲಿಸಿ ಡಾಕ್ಟರಿಗೆ ತೋರಸ್ರಿ.