ಟಿಬಿ ಮಾತ್ರೆ ಶುರುವಾದ ಮೇಲೆ ತಮ್ಮನಿಗೆ ನಿದ್ದೆಯೇ ಇಲ್ಲ

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಸ್ಕಿಜೋಫ್ರೇನಿಯಾಗೆ ಮೈಸೂರಿನ ಡಾಕ್ಟರು ಕೊಟ್ಟ ಕ್ವೆಟಿಯಾಪಿನ್ ತಗೊಂಡು ಆರು ವರ್ಷದಿಂದ ಚೆನ್ನಾಗಿದ್ದ, ತೋಟದ ಕೆಲಸಕ್ಕೂ ಹೋಗುತ್ತಿದ್ದ. ಹೋದ ತಿಂಗಳು ಟಿಬಿ ಅಂತ ಗೊತ್ತಾಗಿ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಶುರು ಮಾಡಿದರು. ಮೂರನೇ ವಾರದಿಂದ ನಿದ್ದೆ ಇಲ್ಲ. ತೋಟದಿಂದ ಯಾರೋ ಕರೀತಾರೆ ಅಂತ ರಾತ್ರಿ ಬಾಗಿಲು ತೆಗೀತಾನೆ. ಎರಡೂ ಮಾತ್ರೆ ನಾನೇ ಕೊಡುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಟಿಬಿ ಮಾತ್ರೆ ನಿಲ್ಲಿಸು ಅಂತಾರೆ ಮನೆಯಲ್ಲಿ. ಏನು ಮಾಡಲಿ ಡಾಕ್ಟ್ರೇ?
– ಓದುಗರು, ಸಿದ್ದಾಪುರ

ಉತ್ತರ: ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಟಿಬಿ ಈ ಮಾತ್ರೆಗಳಿಗೆ ಬಗ್ಗದ ಹಾಗೆ ಆಗಿಬಿಡಬಹುದು. ಕ್ವೆಟಿಯಾಪಿನ್ ಕೂಡ ನಿಲ್ಲಿಸಬೇಡಿ, ನೀವೇ ಜಾಸ್ತಿಯೂ ಮಾಡಬೇಡಿ.

ತಮ್ಮನ ಮೂತ್ರ ಕೆಂಪಗೆ ಬರುತ್ತಿದೆ ಅಲ್ವಾ? ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯ ಬಣ್ಣ, ಹೆದರಬೇಡಿ. ನುಂಗಿದ ಔಷಧಿಯನ್ನು ಒಡೆದು ಖಾಲಿ ಮಾಡುವುದು ಲಿವರ್ ಕೆಲಸ, ಆದರೆ ಅದೇ ರಿಫಾಂಪಿಸಿನ್ ಆ ಕೆಲಸಕ್ಕೆ ಜಾಸ್ತಿ ಆಳು ಹಚ್ಚುತ್ತದೆ. ಕಾಫಿ ಕೊಯ್ಲಿಗೆ ಹತ್ತು ಜನರ ಜಾಗದಲ್ಲಿ ಮೂವತ್ತು ಜನ ಬಂದರೆ ಗಿಡ ಮಧ್ಯಾಹ್ನಕ್ಕೇ ಖಾಲಿ. ಹಾಗೆಯೇ ರಾತ್ರಿ ನುಂಗಿದ ಕ್ವೆಟಿಯಾಪಿನ್ ರಕ್ತದಲ್ಲಿ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ. ನೀವು ಸರಿಯಾಗೇ ಕೊಟ್ಟಿದ್ದೀರಿ, ಅವರಿಗೆ ಸಿಕ್ಕಿಲ್ಲ ಅಷ್ಟೆ. ಈ ಪರಿಣಾಮ ಒಂದೆರಡು ವಾರದಲ್ಲಿ ಏರುತ್ತದೆ. ನೀವು ಹೇಳಿದ ಮೂರನೇ ವಾರಕ್ಕೆ ಲೆಕ್ಕ ಸರಿಹೋಗುತ್ತದೆ.

ಇದೊಂದೇ ಕಾರಣ ಅಂತ ಇಲ್ಲಿ ಕೂತು ಹೇಳಲಾರೆ. ಐಸೋನಿಯಾಜಿಡ್ ಅನ್ನುವ ಇನ್ನೊಂದು ಟಿಬಿ ಔಷಧಿಯೂ ಅಪರೂಪಕ್ಕೆ ಮನಸ್ಸು ಕದಡುತ್ತದೆ. ಅದರ ಜೊತೆ ಬಿ6 ವಿಟಮಿನ್ ಮಾತ್ರೆ ಕೊಟ್ಟಿದ್ದಾರಾ, ಕೇಳಿ.

ಮೈಸೂರಿಗೆ ಇವತ್ತೇ ಫೋನ್ ಮಾಡಿ. ಟಿಬಿ ವಿಷಯ ಅಲ್ಲಿ ಹೇಳಿಲ್ಲ ಅಂತ ನನ್ನ ಅನುಮಾನ. ತುಂಬಾ ಮನೆಯವರು ನಾಚಿಕೆಯಿಂದ ಸುಮ್ನಾಗುತ್ತಾರೆ. ಎರಡೂ ಚೀಟಿಗಳ ಫೋಟೋ ಇಬ್ಬರು ಡಾಕ್ಟರಿಗೂ ಕಳಿಸಿ. ಕ್ವೆಟಿಯಾಪಿನ್ ಡೋಸ್ ಏರಿಸಿದರೂ ಎಷ್ಟೋ ಸಲ ಸಾಲುವುದಿಲ್ಲ. ಲಿವರನ್ನು ಅಷ್ಟಾಗಿ ನೆಚ್ಚದ ಅಮಿಸಲ್‌ಪ್ರೈಡ್‌ನಂಥ ಮಾತ್ರೆಗೆ ಬದಲಾಯಿಸುವುದುಂಟು. ಅದು ಅವರ ತೀರ್ಮಾನ.

ಅಲ್ಲಿವರೆಗೆ ರಾತ್ರಿ ಒಬ್ಬರು ಜೊತೆಗಿರಿ, ಕತ್ತಿ, ಕೀಟನಾಶಕ ಕೈಗೆ ಸಿಗದ ಹಾಗಿಡಿ. ಸಾಯುವ ಮಾತಾಡಿದರೆ, ಯಾರನ್ನಾದರೂ ಹೊಡೆಯಲು ಹೋದರೆ ಕಾಯಬೇಡಿ, ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಣ್ಣು ಹಳದಿಯಾದರೂ ಹೀಗೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನೊಂದು ವಿಷಯ, ಇದನ್ನು ಡಾಕ್ಟರುಗಳೂ ಮರೆಯುತ್ತಾರೆ. ಸಾಮಾನ್ಯ ಟಿಬಿ ಕೋರ್ಸ್ ಆರು ತಿಂಗಳು. ಅದು ಮುಗಿದ ಎರಡು ವಾರಕ್ಕೆಲ್ಲ ಆ ಜಾಸ್ತಿ ಆಳುಗಳು ವಾಪಸ್ ಹೋಗಿರುತ್ತಾರೆ. ಏರಿಸಿದ ಡೋಸ್ ಹಾಗೇ ಉಳಿದರೆ ತಮ್ಮ ಹಗಲೆಲ್ಲ ತೂಕಡಿಸುತ್ತಾರೆ, ಎದ್ದರೆ ತಲೆ ಸುತ್ತಿ ಬೀಳಬಹುದು. ಕೋರ್ಸ್ ಮುಗಿಯುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ತಾರೀಕನ್ನು ಮೈಸೂರಿಗೆ ಈಗಲೇ ತಿಳಿಸಿಡಿ.